ಓದದೆ ಬಿಟ್ಟ ಸುದ್ದಿ

ಆ ಭಾನುವಾರ ಬೆಳಿಗ್ಗೆ ನಾನು ಕಡೆಯುವ ಕಲ್ಲಿನ ಮುಂದೆ ಕೂತಿದ್ದೆ. ನೀರುದೋಸೆಗೆ ನೆನೆಹಾಕಿದ ಬೆಳ್ತಿಗೆ ಅಕ್ಕಿ ಅರ್ಧ ನುಣ್ಣಗಾಗಿತ್ತು. ಯುದ್ಧ ಶುರುವಾದ ಮೇಲೆ ನಮ್ಮ ಮನೆಯಲ್ಲಿ ದೋಸೆ ಭಾನುವಾರಕ್ಕೆ ಮಾತ್ರ. ಕುಶಲಾ ಒಲೆಯ ಹತ್ತಿರ ಕೂತು ಕಾವಲಿಗೆ ಎಣ್ಣೆ ಹಚ್ಚಲು ಬಾಳೆಯ ದಂಟು ಕತ್ತರಿಸುತ್ತಿದ್ದಳು. ಅಷ್ಟರಲ್ಲಿ ಅಂಗಳದಿಂದ ಲೋಕಯ್ಯಣ್ಣನ ದನಿ ಕೇಳಿತು.

"ದೇಯಕ್ಕಾ, ಸ್ವಲ್ಪ ಹೊರಗೆ ಬನ್ನಿ."

ಲೋಕಯ್ಯಣ್ಣನಿಗೆ ಮಂಗಳಾದೇವಿಗೆ ಹೋಗುವ ದಾರಿಯ ತಿರುವಿನಲ್ಲಿ ಜೀನಸಿನ ಅಂಗಡಿ. ವಾರದ ಪತ್ರಿಕೆ ಅವನಲ್ಲಿಗೆ ಶನಿವಾರ ಸಂಜೆ ಬರುತ್ತದೆ. ಮೊದಲು ಗಂಡಸರು ಅಂಗಡಿಯ ಬೆಂಚಿನಲ್ಲಿ ಕೂತು ಓದಿ, ಜಗಳಾಡಿ, ಮುಗಿಸಬೇಕು. ಭಾನುವಾರ ಊಟದ ಮೇಲೆ ಕುಶಲಾ ಓಡಿಹೋಗಿ ಅದನ್ನು ತರುತ್ತಾಳೆ. ಕೇರಿಯ ಹೆಂಗಸರಲ್ಲಿ ಅಕ್ಷರ ಬರುವುದು ನನಗೊಬ್ಬಳಿಗೆ. ಮಿಶನ್ ಶಾಲೆಯಲ್ಲಿ ಐದನೆಯವರೆಗೆ ಕಲಿತವಳು. ನಮ್ಮ ಜಗಲಿಯಲ್ಲಿ ಎಲ್ಲರೂ ಸೇರುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. ಸೋಮವಾರ ಅದೇ ಕಾಗದ ಅಂಗಡಿಗೆ ಹಿಂದೆ ಹೋಗಿ ಬೆಲ್ಲ ಕಟ್ಟಲು ಆಗುತ್ತದೆ.

ಆದರೆ ಅವನಾಗಿಯೇ ಬೆಳಿಗ್ಗೆ ತಂದುಕೊಟ್ಟದ್ದು ಎಂದೂ ಇಲ್ಲ.

ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದೆ. ಲೋಕಯ್ಯಣ್ಣ ನನ್ನ ಮುಖ ನೋಡಲಿಲ್ಲ. "ಇದನ್ನು ನಾನು ಬೆಂಚಿಗೆ ಹಾಕಲಿಲ್ಲ. ನೀವೇ ಮೊದಲು ಓದಿ. ಎರಡನೇ ಪುಟ, ಕೆಳಗೆ," ಎಂದ. ಪತ್ರಿಕೆಯನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಕಾಲಿಗೆ ಸರಿಯಾಗಿ ಸಿಕ್ಕಿಸಿಕೊಳ್ಳದೆ ಹೊರಟೇಹೋದ.

ಐದೇ ಸಾಲು ಇತ್ತು. ಹೆಂಚು ಇಳಿಸಿ ಬೊಂಬಾಯಿಯಿಂದ ಮಂಗಳೂರಿಗೆ ಹೊರಟ 'ಜಲಲಕ್ಷ್ಮಿ' ಎಂಬ ಮಂಜಿ ರತ್ನಾಗಿರಿಯ ಆಚೆ ಬಿರುಗಾಳಿಗೆ ಸಿಕ್ಕಿ ಒಡೆದಿದೆ. ಹೆಸರು ಬರೆದ ಹಲಗೆ ದಡಕ್ಕೆ ಬಿದ್ದಿದೆ. ಆ ಹಾಯಿಹಡಗಿನಲ್ಲಿದ್ದ ಒಂಬತ್ತು ಮಂದಿಯಲ್ಲಿ ಯಾರೂ ಸಿಕ್ಕಿಲ್ಲ.

ಒಂಬತ್ತರಲ್ಲಿ ಒಬ್ಬರು ನಮ್ಮವರು, ಕುಶಲಾಳ ಅಪ್ಪ. ಇನ್ನೊಬ್ಬ ಗೋಡೆಯಾಚೆಯ ಮನೆಯ ಸಲಾಂ.

ನನಗೆ ಕೂಗಬೇಕೆಂದು ಬಾಯಿ ತೆರೆದದ್ದು ನೆನಪುಂಟು. ಅದೇ ಹೊತ್ತಿಗೆ ಗೋಡೆಯ ಕಿಟಕಿಯಿಂದ ಎಳೆಮಗು ಅತ್ತಿತು. ಬಾಯಿ ಮುಚ್ಚಿದೆ.

ಸಲಾಂನ ಹೆಂಡತಿ ರುಖಿಯಾ ಹೆತ್ತು ಅಂದಿಗೆ ಹದಿನೆಂಟು ದಿನ. ಅದಕ್ಕೆ ಮುಂಚೆ ಎರಡು ಮಕ್ಕಳು ಅವಳ ಮಡಿಲಲ್ಲೇ ಹೋಗಿದ್ದವು. ಈ ಮೂರನೆಯದು ಬೆಕ್ಕಿನ ಮರಿಯಷ್ಟು, ಹಾಲು ಎಳೆಯಲೂ ಶಕ್ತಿಯಿಲ್ಲದ್ದು. ನಲವತ್ತರ ಸ್ನಾನ ಆಗುವವರೆಗೆ ಬಾಣಂತಿಯ ಕಿವಿಗೆ ಸಾವಿನ ಮಾತು ಬೀಳಬಾರದು, ಬಿದ್ದರೆ ಎದೆಯ ಹಾಲು ನಿಲ್ಲುತ್ತದೆ ಎನ್ನುವುದು ಅವರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನಾನು ಇಲ್ಲಿ ಎದೆ ಬಡಿದುಕೊಂಡರೆ ಅಲ್ಲಿ ಕೇಳುತ್ತದೆ. ಯಾಕೆ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ.

ಒಳಗೆ ಹೋದೆ. ಉಳಿದ ಅಕ್ಕಿ ಕಡೆದೆ. ದೋಸೆ ಹೊಯ್ದೆ. ಕುಶಲಾ ನಾಲ್ಕು ತಿಂದಳು.

"ಲೋಕಯ್ಯಣ್ಣ ಯಾಕೆ ಬಂದದ್ದು?" ಎಂದು ಕೇಳಿದಳು.

"ಪೇಪರು ಕೊಡಲಿಕ್ಕೆ."

"ನಾನು ಹೋಗುತ್ತಿದ್ದೆನಲ್ಲ."

ಕುಶಲಾಳಿಗೆ ಏಳು ವರ್ಷ. ಅವಳಿಗೆ ಓದು ಬಂದದ್ದು ಶಾಲೆಗಿಂತ ಹೆಚ್ಚು ಈ ಪತ್ರಿಕೆಯಿಂದ. ಕೊನೆಯ ಪುಟದಲ್ಲಿ 'ಬಂದರದ ವರ್ತಮಾನ' ಎಂದು ಒಂದು ಪಟ್ಟಿ ಇರುತ್ತದೆ. ಯಾವ ಮಂಜಿ ಹೊರಟಿತು, ಯಾವುದು ಮುಟ್ಟಿತು ಎಂದು. ಅದರಲ್ಲಿ ಜಲಲಕ್ಷ್ಮಿಯನ್ನು ಮೊದಲು ಕಂಡವರು ಗೆದ್ದ ಹಾಗೆ. ಅದು ನಮ್ಮಿಬ್ಬರ ಆಟ. ಪ್ರತಿ ಸಲವೂ ಅವಳೇ ಗೆಲ್ಲುತ್ತಿದ್ದಳು. ಕ್ಷ್ಮಿ ಎನ್ನುವ ಅಕ್ಷರವನ್ನು ಸ್ಲೇಟಿನ ತುಂಬ ಬರೆದು, ಅದಕ್ಕೆ ಹಾಯಿಯ ಹಾಗೆ ಬಾಲ ಎಳೆಯುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಬಂದರು. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಅಮ್ಮಣಿ ಎಲೆಯಡಿಕೆಯ ಚೀಲ ಬಿಚ್ಚಿ ಕಂಬಕ್ಕೆ ಒರಗಿ ಕೂತಳು. ಗೋಡೆಯಾಚೆ, ಮರದ ಸರಳಿನ ಕಿಟಕಿಯ ಹತ್ತಿರಕ್ಕೆ ರುಖಿಯಾ ಚಾಪೆ ಎಳೆದುಕೊಂಡದ್ದು ಕೇಳಿತು. ಅವಳ ತಾಯಿ ನಸೀಬಮ್ಮ ಬಾಣಂತನಕ್ಕೆಂದು ಬಂದವರು, ನಮ್ಮ ಜಗಲಿಯ ತುದಿಯಲ್ಲೇ ಕೂತರು.

ನಾನು ಯುದ್ಧದ ಸುದ್ದಿ ಓದತೊಡಗಿದೆ.

"ಆ ಜರ್ಮನಿಯವನದ್ದು ಬಿಡಿ ಮಾರಾಯ್ತಿ," ಎಂದಳು ಅಮ್ಮಣಿ. "ಸೀಮೆಎಣ್ಣೆ ಯಾವಾಗ ಬರ್ತದೆ ಅಂತ ಬರೆದಿದ್ದಾರಾ ನೋಡಿ. ಕತ್ತಲೆಯಲ್ಲಿ ಮೀನು ಅಂತ ಗಂಡನ ಬೆರಳು ಕೊಯ್ಯುವ ಹಾಗೆ ಆಗಿದೆ."

"ಕೊಯ್ದರೆ ಕೊಯ್ಯಿ, ಸಾರಿಗೆ ಹಾಕಬೇಡ. ಅವನ ಬೀಡಿಯ ವಾಸನೆ ಹೋಗ್ಲಿಕ್ಕಿಲ್ಲ," ಎಂದರು ನಸೀಬಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಂಪನಕಟ್ಟೆಯಲ್ಲಿ ಅಕ್ಕಿಗೆ ಸಾಲು ನಿಂತವರಲ್ಲಿ ಒಬ್ಬಳು ತಲೆಸುತ್ತಿ ಬಿದ್ದದ್ದು ಓದಿದೆ. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಏರಿನಲ್ಲಿ ನಿಂತು, ಕೂತವರೇ ಇಳಿದು ದೂಡಿದ್ದು ಓದಿದೆ. ಕಾವೂರಿನ ಕೆರೆಯ ಹತ್ತಿರ ಚಿರತೆ ಕಂಡದ್ದು ಎರಡನೇ ಪುಟದಲ್ಲಿತ್ತು. ಆ ಪುಟದ ಕೆಳಭಾಗವನ್ನು ಹಿಂದಕ್ಕೆ ಮಡಚಿದ್ದೆ. ಗಾಳಿಗೆ ಮಡಿಕೆ ಬಿಚ್ಚಿಕೊಂಡಿತು. ಪಕ್ಕದಲ್ಲಿ ನನಗೆ ಒತ್ತಿ ಕೂತಿದ್ದ ಕುಶಲಾಳ ಬೆರಳು ಎಂದಿನ ಹಾಗೆ ಚಟ್ಟನೆ ಮೇಲೆದ್ದಿತು. ನಾನು ಅಂಗೈ ಅಗಲಿಸಿ ಅಲ್ಲಿ ಇಟ್ಟೆ. ಬೆರಳು ಗಾಳಿಯಲ್ಲೇ ನಿಂತಿತು. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು, ಬೆರಳು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು.

"ದೇಯಕ್ಕ, ಬಂದರದ್ದು ಓದಿ," ಎಂದಳು ರುಖಿಯಾ ಕಿಟಕಿಯಿಂದ. "ನಮ್ಮದು ಎಲ್ಲಿಗೆ ಮುಟ್ಟಿತಂತೆ?"

ಪಟ್ಟಿಯಲ್ಲಿ ಜಲಲಕ್ಷ್ಮಿ ಇರಲಿಲ್ಲ. ಇಲ್ಲ ಎಂದಷ್ಟೇ ಹೇಳಿ ಬಿಡಬಹುದಿತ್ತು. ಕೆಲವು ವಾರ ಇರುವುದಿಲ್ಲ, ಅವಳಿಗೂ ಗೊತ್ತು. ಆದರೆ ಆ ದನಿಯಲ್ಲಿ ಇದ್ದ ಆಸೆ ಕೇಳಿ ನನಗೆ ಬುದ್ಧಿ ಕೆಟ್ಟಿತು. "ವೇಂಗುರ್ಲೆಯಲ್ಲಿ ನಿಂತಿದೆಯಂತೆ," ಎಂದೆ. "ಗಾಳಿ ಸರಿಯಾದ ಮೇಲೆ ಹೊರಡುತ್ತದಂತೆ."

"ವೇಂಗುರ್ಲೆ ಅಂದರೆ ಹತ್ತಿರವೇ! ಪತ್ತನಾಜೆಯ ಮೊದಲೇ ಬರ್ತಾರೆ ಹಾಗಾದರೆ. ನಲವತ್ತಕ್ಕೆ ಇಲ್ಲೇ ಇರ್ತಾರೆ."

ಬೇಸಗೆಯ ಕೊನೆಗೆ, ಪತ್ತನಾಜೆಯ ದಿನದೊಳಗೆ, ಮಂಜಿಗಳೆಲ್ಲ ಹಿಂದೆ ಬರಬೇಕು. ಆಮೇಲೆ ಮಳೆಗೆ ಕಡಲು ಮುಚ್ಚುತ್ತದೆ.

ಮರುದಿನ ನಸೀಬಮ್ಮ ಒಂದು ಬಟ್ಟಲು ಸಿಹಿ ಅವಲಕ್ಕಿ ಕಳಿಸಿದರು. ಮಂಜಿ ವೇಂಗುರ್ಲೆ ಮುಟ್ಟಿದ್ದಕ್ಕಂತೆ. ಕುಶಲಾ ಅದನ್ನು ಮುಟ್ಟಲಿಲ್ಲ. ಹೊಟ್ಟೆನೋವು ಎಂದಳು.

ಪತ್ರಿಕೆಯನ್ನು ನಾನು ಅಂಗಡಿಗೆ ಹಿಂದೆ ಕೊಡಲಿಲ್ಲ, ಲೋಕಯ್ಯಣ್ಣ ಕೇಳಲೂ ಇಲ್ಲ. ಅಕ್ಕಿಯ ಮಡಕೆಯ ತಳದಲ್ಲಿ ಇಟ್ಟೆ. ಪ್ರತಿದಿನ ಅಕ್ಕಿ ತೆಗೆಯುವಾಗ ಕೈ ಅಲ್ಲಿಯವರೆಗೆ ಹೋಗುತ್ತಿತ್ತು. ಈಚೆಗೆ ಮಡಕೆಯಲ್ಲಿ ಅಕ್ಕಿ ಅಷ್ಟು ಕಡಿಮೆ.

ಬುಧವಾರ ಕುಶಲಾಳನ್ನು ರುಖಿಯಾಳ ತೊಟ್ಟಿಲು ತೂಗಲು ಬಿಟ್ಟು ನಾನು ಬಂದರಕ್ಕೆ ಹೋದೆ. ಮಂಜಿಯ ಧಣಿಯ ಕಚೇರಿಯಲ್ಲಿ ಚಿತ್ತರಂಜನ ಎಂಬ ಗುಮಾಸ್ತರು ಇದ್ದರು. ನನ್ನನ್ನು ಕಂಡು ಎದ್ದು ನಿಂತರು. ಗುಮಾಸ್ತರು ನನ್ನಂಥವರಿಗೆ ಎದ್ದು ನಿಲ್ಲುವುದಿಲ್ಲ. ಅದರಲ್ಲೇ ತಿಳಿಯಿತು.

"ಏನಾದರೂ ಉಂಟಾ?" ಎಂದು ಕೇಳಿದೆ.

"ಹಲಗೆ ಸಿಕ್ಕಿದೆ. ನೀರಿನ ಪೀಪಾಯಿ ಸಿಕ್ಕಿದೆ."

"ಜನ?"

ಅವರು ಮೇಜಿನ ಮೇಲಿನ ಶಾಯಿಯ ಕುಡಿಕೆಯನ್ನು ಆಚೆಗೆ ಸರಿಸಿದರು. "ಹನ್ನೆರಡು ದಿನ ಆಯಿತಮ್ಮ. ಇನ್ನು ನಾವು ತಾರು ಕಳಿಸಿ ಎಂತ ಕೇಳುವುದು?"

ಹೊರಗೆ ಹೆಂಚು ಹೊತ್ತ ದೋಣಿಗಳು ಸಾಲಾಗಿ ನಿಂತಿದ್ದವು. ನಾನು ದಾರಿಯುದ್ದಕ್ಕೂ ಅಳಲಿಲ್ಲ. ಮನೆಗೆ ಬಂದು ಅಳೋಣ ಎಂದರೆ ಅಲ್ಲಿ ಗೋಡೆ.

ಮಗಳನ್ನು ಕರೆಯಲು ಹೋದಾಗ ರುಖಿಯಾ ಅವಳಿಗೆ ಹೇಳುತ್ತಿದ್ದಳು, "ನಿನ್ನಪ್ಪ ನಿನಗೆ ಬೊಂಬಾಯಿಯ ಗಾಜಿನ ಬಳೆ ತರ್ತಾರೆ. ಹೋಗುವಾಗ ದಾರದಲ್ಲಿ ನಿನ್ನ ಕೈಯ ಅಳತೆ ತೆಗೆದುಕೊಂಡು ಹೋಗಿದ್ದಾರೆ, ನಾನೇ ನೋಡಿದ್ದೇನೆ." ಕುಶಲಾ ತೊಟ್ಟಿಲಿನ ಹಗ್ಗ ಎಳೆಯುತ್ತ ಇದ್ದಳು.

ದಿನಾ ಬೆಳಿಗ್ಗೆ ನಾನು ಕುಂಕುಮ ಇಟ್ಟುಕೊಳ್ಳುವಾಗ ಕನ್ನಡಿ ಹಿಡಿಯುವುದು ಅವಳು. ಮುಂಚೆ ಕನ್ನಡಿಯನ್ನು ಆಚೀಚೆ ಅಲ್ಲಾಡಿಸಿ ನನ್ನನ್ನು ಸತಾಯಿಸುತ್ತಿದ್ದಳು. ಈಗ ಅಲ್ಲಾಡಿಸುವುದಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಕನ್ನಡಿಯ ಮೇಲಿನಿಂದ ನನ್ನನ್ನೇ ನೋಡುತ್ತಾಳೆ. ಕುಂಕುಮ ಓರೆಯಾದರೆ ತನ್ನ ಲಂಗದ ತುದಿಯಿಂದ ಒರೆಸುತ್ತಾಳೆ. ಏನಾಗಿದೆ ಎಂದು ಕೇಳು ಮಗಳೇ ಎಂದು ಎಷ್ಟೋ ಸಲ ಬಾಯಿಗೆ ಬಂತು. ಕೇಳಿದರೆ ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗದು. ನಿಜ ಹೇಳಿದರೆ ಏಳು ವರ್ಷದ ಮಗು ಅಳದೆ ಇರುವುದು ಹೇಗೆ? ಅವಳು ಕೇಳದೆ ಇರಲಿ ಎಂದೇ ದೇವರಲ್ಲಿ ಬೇಡಿಕೊಂಡೆ. ಅಂಥ ಬೇಡಿಕೆಯನ್ನು ಯಾವ ತಾಯಿಯೂ ಬೇಡಬಾರದು.

ಸುದ್ದಿ ಬಂದ ಮೇಲೆ ಹದಿಮೂರನೆಯ ದಿನವೂ ಬಂತು. ಬೊಜ್ಜ ಮಾಡಿ, ಹೋದವರಿಗೆ ಎಡೆ ಬಡಿಸಬೇಕಾದ ದಿನ. ನಾನು ಗಂಜಿ ಬೇಯಿಸಿ, ಅವರ ಬಟ್ಟಲಿಗೆ ಒಂದು ಸೌಟು ಹಾಕಿ, ಮೇಲೊಂದು ಮಾವಿನಮಿಡಿ ಇಟ್ಟು, ಬಾಗಿಲು ಓರೆ ಮಾಡಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಅದನ್ನು ಚೆಲ್ಲಲು ಮನಸ್ಸಾಗದೆ ನಾನೇ ಉಂಡೆ. ಕಡಲಿಗೆ ಹೋದವರಿಗೆ ನನ್ನಿಂದ ನಡೆದ ಕ್ರಿಯೆ ಅಷ್ಟೇ.

ಅದರ ಹಿಂದಿನ ಭಾನುವಾರವೂ ಮುಂದಿನ ಭಾನುವಾರವೂ ನಾನು ಓದಿದೆ. ಮಂಜಿ ಇನ್ನೂ ವೇಂಗುರ್ಲೆಯಲ್ಲೇ ಉಂಟು, ಹಾಯಿ ಹೊಲಿಯುತ್ತಿದ್ದಾರೆ ಎಂದು ಹೇಳಿದೆ. ಅಮ್ಮಣಿ ಎರಡು ಸಲವೂ ಒಂದು ತಮಾಷೆಯನ್ನೂ ಆಡಲಿಲ್ಲ. ಏಳುವಾಗ ಸುಮ್ಮನೆ ನನ್ನ ಮೊಣಕಾಲು ಮುಟ್ಟಿ ಹೋದಳು. ಲೋಕಯ್ಯಣ್ಣ ಕೇಳದಿದ್ದರೂ ಬೆಲ್ಲದ ಜೊತೆಗೆ ಒಂದು ಹಿಡಿ ಹೆಸರುಕಾಳು ಕಟ್ಟಿಕೊಟ್ಟ. ನನಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಬಾವಿಕಟ್ಟೆಯಲ್ಲಿ, ನಲವತ್ತಕ್ಕೆ ಮೂರು ದಿನ ಇರುವಾಗ. ನಸೀಬಮ್ಮ ಕೊಡಪಾನ ಇಳಿಸಿ, ಹಗ್ಗ ಹಿಡಿದುಕೊಂಡೇ ನಿಂತರು.

"ದೇಯೀ, ಸ್ನಾನ ಆಗುವ ತನಕ ತಡೆದುಕೊ. ಇನ್ನು ಮೂರೇ ದಿನ."

ನಾನು ಚೆಂಬು ಕೆಳಗಿಟ್ಟೆ. "ನಿಮಗೆ ಗೊತ್ತುಂಟಾ?"

"ನನ್ನ ತಮ್ಮ ಬಂದರದಲ್ಲಿ ಹೊರೆ ಹೊರುವವನಲ್ಲವಾ? ನೀನು ಪೇಪರು ಓದಿದ ಆ ಭಾನುವಾರಕ್ಕೆ ಮೊದಲೇ ಬಂದು ಹೇಳಿದ್ದ."

"ಆ ದಿನ ನೀವು ನಕ್ಕಿರಿ. ಸಿಹಿ ಅವಲಕ್ಕಿ ಕಳಿಸಿದಿರಿ."

"ನೀನು ಓದಿದೆಯಲ್ಲ ಮಗಳೇ. ನೀನು ಅಷ್ಟು ಮಾಡಿದರೆ ನಾನು ಅವಲಕ್ಕಿಯಾದರೂ ಕಳಿಸಬೇಡವಾ?" ಅವರು ತಲೆಯ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. "ಕೇರಿಗೆಲ್ಲ ಗೊತ್ತುಂಟು. ಎಲ್ಲರೂ ಬಂದು ಕೂತು ಕೇಳಿದ್ದು ನಿನಗೋಸ್ಕರ. ಮಗು ಈಗ ಕಣ್ಣು ಬಿಟ್ಟು ನೋಡ್ತದೆ. ಕೈಗೆ ಸ್ವಲ್ಪ ಭಾರ ಸಿಗ್ತದೆ. ಸೋಮವಾರ ಸ್ನಾನ ಆಗಲಿ. ಉಣ್ಣಿಸಿ, ನಾವಿಬ್ಬರೂ ಕೂತು ಹೇಳುವ. ಆಮೇಲೆ ನೀನೂ ಅಳು, ಅವಳೂ ಅಳಲಿ."

ಕೊಡಪಾನ ಮೇಲೆ ಬಂತು. ಅರ್ಧ ನೀರು ಇಬ್ಬರ ಕಾಲ ಮೇಲೆ ಚೆಲ್ಲಿತು.

ಹೀಗೆ ಕೊನೆಯ ಭಾನುವಾರ ಬಂತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಹೊಳೆಯ ಕಡೆಯಿಂದ ಮಳೆಯ ವಾಸನೆ ಬರುತ್ತಿತ್ತು. ಒಂದೇ ಒಂದು ಸಲ ಓದಿದರೆ ಮುಗಿಯಿತು, ನಾಳೆಗೆ ಇದೆಲ್ಲ ಇಲ್ಲ ಎಂದುಕೊಂಡು ಪತ್ರಿಕೆ ಬಿಡಿಸಿದೆ. ಯಾರ ಮುಖವನ್ನೂ ನೋಡಲಿಲ್ಲ. ಕುಶಲಾ ಎಂದಿನ ಜಾಗದಲ್ಲೇ ಕೂತಿದ್ದಳು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.

ಸಕ್ಕರೆಯ ಚೀಟಿಯ ಸುದ್ದಿ ಓದಿದೆ. ಕಾವೂರಿನ ಚಿರತೆ ಕೊನೆಗೆ ನಾಯಿಯಂತೆ ಎಂದು ಓದಿದೆ. ಯಾರೋ ನಗಲು ನೋಡಿ ಬಿಟ್ಟರು.

"ದೇಯಕ್ಕ," ಎಂದಳು ರುಖಿಯಾ. ಮಗುವನ್ನು ಎತ್ತಿಕೊಂಡು ಸರಳಿನ ಹತ್ತಿರವೇ ನಿಂತಿದ್ದಳು. ಹೊಸ ಕಾಡಿಗೆ ಹಾಕಿದ್ದಳು. "ಇವತ್ತಾದರೂ ಒಳ್ಳೇದು ಓದಿ. ನಾಳೆ ನನ್ನ ಸ್ನಾನ. ಹೊರಟಿತಾ?"

ನಾನು ಕೊನೆಯ ಪುಟ ತಿರುಗಿಸಿದೆ. ಆ ಪಟ್ಟಿಯಲ್ಲಿ ಬೆರಳಿಟ್ಟು ಮೇಲಿನಿಂದ ಕೆಳಗೆ ಬಂದೆ, ಹುಡುಕುವವಳ ಹಾಗೆ. "ಹೊರಟಿದೆ," ಎಂದೆ. "ಜಲಲಕ್ಷ್ಮಿ, ವೇಂಗುರ್ಲೆಯಿಂದ..."

ಕುಶಲಾ ತೊಡೆಯ ಕೆಳಗಿನಿಂದ ಒಂದು ಕೈ ತೆಗೆದಳು. ಪಟ್ಟಿಯ ಮೇಲಿದ್ದ ನನ್ನ ಬೆರಳನ್ನು ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಮೂರು ವಾರ ಅವಳು ಒಂದು ಪ್ರಶ್ನೆಯನ್ನು ಒಳಗೆ ಇಟ್ಟುಕೊಂಡು ಉಂಡಿದ್ದಳು, ಮಲಗಿದ್ದಳು, ನನಗೆ ಕನ್ನಡಿ ಹಿಡಿದಿದ್ದಳು. ತಡೆಯಬೇಕೆಂದು ನಾನು ಅವಳ ಕಡೆ ತಿರುಗಿದೆ. ನಸೀಬಮ್ಮ ಅರ್ಧ ಎದ್ದರು. ಕಿಟಕಿಯಲ್ಲಿ ರುಖಿಯಾ ಇನ್ನೂ ನಗುತ್ತಲೇ ಇದ್ದಳು.

"ಅಮ್ಮ, ಇಲ್ಲಿ ಜಲಲಕ್ಷ್ಮಿ ಇಲ್ಲ," ಎಂದಳು ಕುಶಲಾ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಆವತ್ತು ಎರಡನೇ ಪುಟದಲ್ಲಿ ಇತ್ತು. ನೀನು ಕೈ ಇಟ್ಟೆ. ಅಲ್ಲಿ ಅಪ್ಪನಿಗೆ ಎಂತ ಆಗಿದೆ ಅಂತ ಬರೆದಿತ್ತು?"