ಅಂಚಿನಲ್ಲಿ ಬರೆದದ್ದು

ಬ್ಯಾಂಕಿಗೂ ಒಂದು ಆ್ಯಪ್ ಕಂಪನಿಗೂ ಮೈತ್ರಿಯಾದ ದಿನ ಮ್ಯಾನೇಜರು ಹಾಲುಜೇನು ಬೆರೆತ ಹಾಗೆ ಅಂತ ಭಾಷಣ ಬಿಗಿದರು. ಅನುಭವ ಬ್ಯಾಂಕಿನದು, ಯಂತ್ರ ಕಂಪನಿಯದು, ಸಾಲದ ಅರ್ಜಿ ಮೂರೇ ನಿಮಿಷದಲ್ಲಿ ಇತ್ಯರ್ಥ. ಅನುಭವ ಅಂದರೆ ಯಾರದಪ್ಪಾ? ಸಾಲದ ಮೇಜಿನಲ್ಲಿ ಮೂವತ್ತು ವರ್ಷ ಸವೆದ ಅಧಿಕಾರಿಯದು. ಕಡತದ ಅಂಚಿನಲ್ಲಿ ಕೆಂಪಕ್ಷರದಲ್ಲಿ ಒಂದು ಸಾಲು ಗೀಚದೆ ಬಿಟ್ಟವನಲ್ಲ; ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಕೆಂಪು ಪೆನ್ಸಿಲ್ ಎಂದು.

ಕಂಪನಿಯ ಇಂಜಿನಿಯರಮ್ಮ ಬಂದು, ನಮ್ಮ ಯಂತ್ರಕ್ಕೆ ನೀವೇ ಗುರುಗಳು ಅಂದಳು. ಮನುಷ್ಯ ಉಬ್ಬಿಹೋದ. ಹಳೇ ಕಡತಗಳ ಕಪಾಟಿನ ಬೀಗದಕೈಯನ್ನೇ ಅವಳಿಗೆ ಕೊಟ್ಟುಬಿಟ್ಟ. ಹೊಗಳಿಕೆ ಹೊನ್ನಶೂಲ ಅಂತ ಹಿರಿಯರು ಸುಮ್ಮನೆ ಅಂದರೇ?

ಒಂದು ಮಾತು ಮಾತ್ರ ಹೇಳಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ. ಅಂಚಿನಲ್ಲಿ 'ಬೇಡ' ಎಂದು ಬರೆದ ಮೇಲೂ ಅವನು ಸಂಜೆ ಅರ್ಜಿದಾರರ ಅಂಗಡಿ ಮುಂದೆ ನಿಲ್ಲುತ್ತಿದ್ದ, ಗಿರಾಕಿಗಳನ್ನು ಮಾತಾಡಿಸುತ್ತಿದ್ದ, ಎಷ್ಟೋ ಸಲ ಮಾರನೆಯ ದಿನ ಮನಸ್ಸು ಬದಲಿಸಿ ಸಹಿ ಹಾಕುತ್ತಿದ್ದ. ಅದನ್ನು ಎಲ್ಲೂ ಬರೆದಿರಲಿಲ್ಲ. ಕಂಪನಿ ಯಂತ್ರಕ್ಕೆ ಕಲಿಸಿದ್ದು ಅಂಚಿನ ಬರಹವನ್ನಷ್ಟೇ.

ಆರು ತಿಂಗಳಿಗೆ ಅವನ ತಂಗಿಯೇ ಅರ್ಜಿ ಹಾಕಿದಳು. ಗಂಡ ತೀರಿಕೊಂಡ ಮೇಲೆ, ಬಾಡಿಗೆ ಏರಿಸಿದಾಗೆಲ್ಲ ಮನೆ ಬದಲಿಸುತ್ತ, ಹೊಲಿಗೆ ಹಾಕಿ ಮಗಳನ್ನು ಸಾಕಿದವಳು. ಅವಳು ಕೂಲಿಗೆ ಹೊಲಿಯುತ್ತಿದ್ದ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಶುಕ್ರವಾರದೊಳಗೆ ಮುಂಗಡ ಕೊಟ್ಟರೆ ಅಂಗಡಿ ಅವಳದು, ಇಲ್ಲವಾದರೆ ಇದ್ದ ಕೂಲಿಯೂ ಹೋಯಿತು. ಅಣ್ಣ ಧೈರ್ಯ ಹೇಳಿದ್ದ, ಮೂರು ನಿಮಿಷದ ಕೆಲಸ ಎಂದು. ಯಂತ್ರ ಎರಡೇ ನಿಮಿಷದಲ್ಲಿ ತಿರಸ್ಕರಿಸಿತು.

ಮ್ಯಾನೇಜರನ್ನು ಕೇಳಿದರೆ ತೀರ್ಮಾನ ಕಂಪನಿಯದು ಅಂದರು. ಕಂಪನಿಯನ್ನು ಕೇಳಿದರೆ ನಿಯಮ ಬ್ಯಾಂಕಿನದು ಅಂದರು. ಮೈತ್ರಿ ಅಂದರೆ ಇದೇ ನೋಡಿ: ಹೆಸರು ಇಬ್ಬರಿಗೂ ಬೇಕು, ಹೊಣೆ ಒಬ್ಬರಿಗೂ ಬೇಡ. ಯಾರಾದರೂ ಹೋಗಿ ಅವಳ ಕೆಲಸವನ್ನಾದರೂ ನೋಡಿ ಬನ್ನಿ ಎಂದು ಅವನು ಗೋಗರೆದ. ಹೋಗಿ ನೋಡುವ ಪದ್ಧತಿಯನ್ನೇ ಒಪ್ಪಂದದಲ್ಲಿ ತೆಗೆದುಹಾಕಿದ್ದರು. ಕೊನೆಗೆ ಇಂಜಿನಿಯರಮ್ಮ ಕಾರಣವನ್ನು ಅಚ್ಚು ಹಾಕಿಸಿ ಕೊಟ್ಟಳು: 'ಮೂರು ವರ್ಷದಲ್ಲಿ ಮೂರು ಮನೆ ಬದಲಿಸಿದವರಿಗೆ ಬೇಡ.' ಅವನದೇ ಮಾತು, ಒಂದಕ್ಷರವೂ ಆಚೀಚೆ ಆಗಿರಲಿಲ್ಲ.

ಶುಕ್ರವಾರ ಕಳೆಯಿತು, ಅಂಗಡಿ ಬೇರೆಯವರ ಪಾಲಾಯಿತು. ಶನಿವಾರ ಅವನು ಆ ಚೀಟಿ ಹಿಡಿದು ತಂಗಿಯ ಮನೆಗೆ ಹೋದ. ಅವಳು ಓದಿದಳು, ಅಳಲಿಲ್ಲ. ಅಣ್ಣನ ಅಂಗಿ ತೋಳಿನ ಗುಂಡಿ ಕಿತ್ತುಹೋಗಿದ್ದು ಕಂಡು, ಕೈ ಎಳೆದುಕೊಂಡು ಹೊಲಿಯತೊಡಗಿದಳು.

"ಯಾರಣ್ಣ ಹಿಂಗೆ ಬರ್ದಿದ್ದು?"

"ಯಾರೋ ಹಳೇ ಅಧಿಕಾರಿ."

"ಅವನಿಗೆ ಅಕ್ಕತಂಗೀರು ಇರ್ಲಿಲ್ಲ ಅನ್ಸತ್ತೆ, ಪಾಪ" ಎಂದು ಅವಳು ದಾರ ಕಚ್ಚಿ ತುಂಡರಿಸಿದಳು.