ಸದ್ದಿಲ್ಲದ ಕಾಯಿ

ಇಂಪನಾ ಮಾತಿಗೆ ಹೆದರುವ ಹುಡುಗಿಯಲ್ಲ. ತಿಪಟೂರಿನ ಹೋಟೆಲೊಂದರ ಎ.ಸಿ. ಹಾಲ್‌ನಲ್ಲಿ, ಹಳ್ಳಿಗಳ ಕೆಲಸಕ್ಕೆ ಹಣ ಕೊಡುವ ಬೆಂಗಳೂರಿನ ಟ್ರಸ್ಟಿನವರ ಎದುರು ಪರದೆ ಇಳಿಬಿಟ್ಟು, ಕೊಟ್ಟ ಸಮಯದೊಳಗೆ ತನ್ನ ಯೋಜನೆ ಹೇಳಿ ಮುಗಿಸಿ ತಣ್ಣಗೆ ನೀರು ಕುಡಿದವಳು. ಅದಕ್ಕೆ ಮುಂಚೆ ಒಂದು ವಾರ ಮನೆಯ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಗೆ ಒರಗಿ ಎಮ್ಮೆಗಳ ಮುಂದೆ ಅಭ್ಯಾಸ ಮಾಡಿದ್ದಳು. ಎಮ್ಮೆಗಳು ಏನೂ ಕೇಳಲಿಲ್ಲ. ಟ್ರಸ್ಟಿನವರು ಬೇಕಾದಷ್ಟು ಕೇಳಿದರು, ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು.

ಯೋಜನೆ ಸರಳವಾದದ್ದೇ. ಹಂದನಕೆರೆ ಪಕ್ಕದ ಅವಳ ಊರಿನಲ್ಲಿ ಹಳೇ ಹೆಂಚಿನ ಮನೆಗಳು ಹೋಗಿ ಆರ್‌ಸಿಸಿ ಮನೆಗಳು ಎದ್ದಿದ್ದವು. ಟೈಲ್ಸ್ ಬಂತು, ಶವರ್ ಬಂತು, ಅಟ್ಟ ಹೋಯಿತು. ಅಟ್ಟವೇ ಇಲ್ಲದ ಮೇಲೆ ತೆಂಗಿನಕಾಯಿಯನ್ನು ವರ್ಷಗಟ್ಟಲೆ ಮಲಗಿಸಿ ಉಂಡೆ ಕೊಬ್ಬರಿ ಮಾಡುವುದೆಲ್ಲಿ? ಕಿತ್ತ ಕಾಯಿಯನ್ನು ಅಂಗಳದಿಂದಲೇ ಲಾರಿಗೆ ತುಂಬಿ ಕೈ ತೊಳೆದುಕೊಳ್ಳುವುದು. ಅವಳ ಅಪ್ಪ ಕರಿಬಸವಯ್ಯನೂ ಅದನ್ನೇ ಮಾಡುತ್ತಿದ್ದ. ಲಾರಿ ಹೋದ ಮೇಲೆ ಖಾಲಿ ಅಂಗಳ ನೋಡುತ್ತ ಸಂಜೆಯವರೆಗೂ ಜಗಲಿಯಲ್ಲಿ ಕೂತಿರುತ್ತಿದ್ದ. ಕೊಬ್ಬರಿ ಸೀಮೆಯವರಾಗಿ ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಅಂಗಡಿಯಿಂದ ಕೊಬ್ಬರಿ ತರುವುದನ್ನು ಕಂಡಾಗೆಲ್ಲ ಇಂಪನಾಳಿಗೆ ಮೈ ಉರಿಯುತ್ತಿತ್ತು.

ಅದಕ್ಕೇ ಊರಿಗೆಲ್ಲ ಸೇರಿ ಒಂದು ದೊಡ್ಡ ಅಟ್ಟ. ಗೋಡೆ, ಸೂರು ಕಟ್ಟಿಸಿಕೊಡಲು ಟ್ರಸ್ಟು ಮನಸ್ಸು ಮಾಡಿತು. ಆದರೆ ಒಂದು ಷರತ್ತು. ಊರಿನವರು ತಮ್ಮ ಕಾಯಿಯನ್ನು ಅಲ್ಲಿಗೆ ತರಲು ಒಪ್ಪಬೇಕು, ಅದನ್ನು ಟ್ರಸ್ಟಿನವರು ಕಣ್ಣಾರೆ ಕಾಣಬೇಕು. ಇಲ್ಲವೆಂದರೆ ಆ ಅಟ್ಟ ಬೇರೆ ತಾಲ್ಲೂಕಿನ ಪಾಲು.

ಒಂದು ಭಾನುವಾರ ಬೆಳಿಗ್ಗೆ ಬಸವಣ್ಣನ ಗುಡಿಯ ಅಂಗಳದಲ್ಲಿ ಸಭೆ. ಟ್ರಸ್ಟಿನಿಂದ ಸುನಂದಾ ಮೇಡಂ ಬಂದಿದ್ದರು, ಜೊತೆಗೆ ಟ್ಯಾಬ್ ಹಿಡಿದ ಯೋಗೀಶ್. ಇಂಪನಾ ಜಾಣೆ. ಹೋಟೆಲಿನಲ್ಲಿ ಹೇಳಿದ್ದನ್ನು ಗುಡಿಯಲ್ಲಿ ಹೇಳಬಾರದೆಂದು ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

"ನಮ್ ತಾತಂದಿರು ಕಾಯಿನ ಅಟ್ಟಕ್ಕೇರ್ಸಿ ಮಲಗ್ಸೋರು. ಕೂಸು ಮಲಗೈತೆ ಅನ್ನೋ ಹಂಗೆ ಕೆಳಗೆ ಓಡಾಡೋರು. ನಾವು ಅದನ್ನ ಕಣ್ ಬಿಡೋಕ್ ಮುಂಚೆ ಲಾರಿ ಹತ್ತಿಸ್ತಾ ಇದೀವಿ" ಎಂದು ಶುರು ಮಾಡಿದಳು. ಜನ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನೂ ಮರೆತು ಕೇಳಿದರು. ಅವಳ ಮಾತು ಮುಗಿದಾಗ ಯಾರೋ ಮೂಗು ಒರೆಸಿಕೊಂಡರು. ಗೆದ್ದೆ ಎಂದುಕೊಂಡಳು.

"ಒಪ್ಪಿಗೆ ಇರೋರೆಲ್ಲ ಒಂದ್ಸಲ ಕೈ ಎತ್ರಪ್ಪ" ಎಂದಳು.

ಒಂದು ಕೈಯೂ ಏಳಲಿಲ್ಲ. ಕಡೆಗೆ ದೊಡ್ಡ ತೋಟದ ದುರ್ಗಯ್ಯ ಟವೆಲ್ ಕೊಡವಿಕೊಂಡು ಎದ್ದ.

"ನೋಡಾನ ಬುಡವ್ವ" ಎಂದು ಹೊರಟ. ಅವನ ಹಿಂದೆ ಎಲ್ಲರೂ ಹೊರಟರು. ಊರಿನಲ್ಲಿ ಉಳಿದಿದ್ದ ಒಂದೇ ಒಂದು ಅಟ್ಟದ ಒಡತಿ ಹೊಂಬಾಳಮ್ಮ ಅಷ್ಟನ್ನೂ ಹೇಳದೆ, ಕಂಬ ಹಿಡಿದು ಎದ್ದು ಮನೆಯ ದಾರಿ ಹಿಡಿದಳು. ಅವಳ ಮನೆಯನ್ನೂ ಕೆಡವಿ ಹೊಸದು ಕಟ್ಟಲು ಮಗ ಆಗಲೇ ನಕ್ಷೆ ಹಾಕಿಸಿದ್ದ.

ಯೋಗೀಶ್ ಟ್ಯಾಬಿನಲ್ಲಿ ಏನೋ ಒತ್ತಿದ. "ನೀವು ತುಂಬಾ ಚೆನ್ನಾಗಿ ಮಾತಾಡಿದ್ರಿ, ಇಂಪನಾ" ಎಂದರು ಸುನಂದಾ. "ಆದ್ರೆ ಒಬ್ಬರೂ ಕೈ ಎತ್ತಲಿಲ್ವಲ್ಲ. ನಾನು ಬೋರ್ಡಿಗೆ ಏನಂತ ಹೇಳಲಿ?"

ಇಷ್ಟು ದಿನದ ಓಡಾಟವೆಲ್ಲ ಮಣ್ಣುಪಾಲಾಯಿತೆಂದು ಇಂಪನಾಳಿಗೆ ಸಿಟ್ಟು ಬಂತು. ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, "ಒಂದು ಅಟ್ಟವನ್ನಾದ್ರೂ ನೋಡ್ಕೊಂಡು ಹೋಗಿ ಮೇಡಂ" ಎಂದಳು.

ಹೊಂಬಾಳಮ್ಮ ಬೇಡವೆನ್ನಲಿಲ್ಲ, ಏಣಿಯ ಕಡೆ ಕತ್ತು ಆಡಿಸಿದಳಷ್ಟೆ. ಸುನಂದಾ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿ, ಅಟ್ಟದ ಬಾಯಿಯಿಂದ ತಲೆ ತೂರಿಸಿದವರು ಹಾಗೇ ನಿಂತುಬಿಟ್ಟರು. ಗೋಡೆಯಿಂದ ಗೋಡೆಗೆ ಬರೀ ಕಾಯಿ. ಮುಂದಿನವು ಹಸಿರು ಮಾಸಿದವು, ಆಚೆಗೆ ಕಂದು, ಇನ್ನೂ ಆಚೆಗೆ ಮಣ್ಣಿನ ಬಣ್ಣ. ಹೆಂಚಿನ ಸಂದಿಯಿಂದ ಬಿಸಿಲು ಸಣ್ಣಗೆ ಸುರಿಯುತ್ತಿತ್ತು. ಕೆಳಗಿನ ಒಲೆಯ ಹೊಗೆ ಕುಡಿದು ಕುಡಿದು ಹಲಗೆಗಳು ಕರ್ರಗೆ ಮಿರುಗುತ್ತಿದ್ದವು. ಒಂದು ನರಪಿಳ್ಳೆಯೂ ಇಲ್ಲದ ಆ ಜಾಗದಲ್ಲಿ ಯಾರೋ ಇದ್ದಾರೆ ಎನ್ನಿಸುತ್ತಿತ್ತು.

"ಅಬ್ಬಾ" ಎಂದರು ಸುನಂದಾ, ಪಿಸುಮಾತಿನಲ್ಲಿ. ಮೆಲ್ಲಗೆ ಮಾತಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಿಕ್ಕಂದಿನಿಂದ ಈ ಅಟ್ಟ ಹತ್ತಿ ಇಳಿದಿದ್ದ ಇಂಪನಾಳಿಗೂ ಆ ಹೊತ್ತು ಮೈ ಜುಮ್ಮೆಂದಿತು.

ಅವಳು ಅವರನ್ನೂ ಯೋಗೀಶನನ್ನೂ ಮೇಲೆ ಹತ್ತಿಸಿಕೊಂಡು, ಮುಂದಿನ ಸಾಲಿನಿಂದ ಒಂದು ಕಾಯಿ ತೆಗೆದು ಮೇಡಂ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ನೀರು ಗುಳುಗುಳು ಎಂದಿತು. ನಡುವಿನಿಂದ ಇನ್ನೊಂದು ತೆಗೆದಳು. ಸದ್ದಿಲ್ಲ. ಸುನಂದಾ ತಾವೇ ಇಸಿದುಕೊಂಡು ಜೋರಾಗಿ ಅಲ್ಲಾಡಿಸಿದರು. ಆಗಲೂ ಸದ್ದಿಲ್ಲ.

"ಇದು ಕೆಟ್ಟುಹೋಗಿದೆಯಾ?"

"ಇಲ್ಲ ಮೇಡಂ. ನೀರೆಲ್ಲ ಇಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಒಳಗಡೆ ಕೆಲಸ ನಡೀತಾ ಇದೆ. ಈಗ ಒಡೆದ್ರೆ ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ." ಕೊನೆಯ ಸಾಲಿನಿಂದ ತೆಗೆದ ಕಾಯಿ ಅಲ್ಲಾಡಿಸಿದಾಗ ಒಳಗಿನ ಒಣಗಿದ ಉಂಡೆ ಚಿಪ್ಪಿಗೆ ಗಟ್ ಗಟ್ ಎಂದು ಬಡಿಯಿತು. ಯೋಗೀಶ್ ಕೂಡ ಟ್ಯಾಬ್ ಕಂಕುಳಿಗೆ ಸೇರಿಸಿ ಕೈ ಚಾಚಿದ.

ಆ ಸದ್ದಿಲ್ಲದ ಕಾಯಿಯ ಬಗ್ಗೆ ಹೇಳುತ್ತಿದ್ದಂತೆ ಇಂಪನಾಳಿಗೆ ತಾನು ಬೆಳಿಗ್ಗೆ ಮಾಡಿದ್ದೇನೆಂದು ತಿಳಿಯಿತು. ಇದೇ ಮಣ್ಣಿನಲ್ಲಿ ಹುಟ್ಟಿ, ಹೋಗಿ ಹೋಗಿ ಊರಿನವರನ್ನು ನಿಂತ ನಿಲುವಿನಲ್ಲೇ ಕೈ ಎತ್ತಿ ಎಂದಿದ್ದಳಲ್ಲ!

"ನಾನೇ ಅವಸರ ಮಾಡ್ಬಿಟ್ಟೆ ಮೇಡಂ. ಹೆಣ್ಣು ನೋಡೋಕೆ ಬಂದೋರಿಗೂ ನಮ್ಮೂರೋರು ಅವತ್ತೇ ಉತ್ತರ ಕೊಡಲ್ಲ. ಬೇಡ ಅನ್ನೋ ಹಂಗಿದ್ರೆ ಎದ್ದು ಜಗಳ ಆಡಿರೋರು. ಯಾರಾದ್ರೂ ಜಗಳ ಆಡಿದ್ರಾ? ಬೆಳಿಗ್ಗೆ ನೀವು ಕೇಳಿಸ್ಕೊಂಡಿದ್ದು ಈ ನಡುವಿನ ಕಾಯಿನ. ದಯವಿಟ್ಟು ಈಗಲೇ ಒಡೀಬೇಡಿ."

ಏಣಿಯ ಕೆಳಗೆ ಹೊಂಬಾಳಮ್ಮ ಕೆಮ್ಮಿದಳು. ಸುನಂದಾ ಸದ್ದಿಲ್ಲದ ಕಾಯಿಯನ್ನು ಇನ್ನೊಮ್ಮೆ ಕಿವಿಗೆ ಹಿಡಿದರು. "ಈ ತಿಂಗಳ ಕೊನೆಯವರೆಗೂ ಫೈಲು ಮುಚ್ಚಲ್ಲ. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ" ಎಂದರು. ಹೋಗುವಾಗ ಸದ್ದಿಲ್ಲದ ಕಾಯಿಯನ್ನು ಕೇಳಿ ಇಸಿದುಕೊಂಡು ಕಾರಿನಲ್ಲಿ ಮಡಿಲಲ್ಲಿ ಇಟ್ಟುಕೊಂಡರು.

ಆಮೇಲೆ ಊರು ಆ ವಿಷಯವನ್ನೇ ಎತ್ತಲಿಲ್ಲ. ಡೇರಿಯ ಮುಂದೆ ಹಾಲಿನ ಡಿಗ್ರಿ, ನುಸಿ ರೋಗ, ಯಾರದೋ ಮದುವೆ, ಎಲ್ಲ ಮಾತಿಗೆ ಬಂತು. ದುರ್ಗಯ್ಯ ಎದುರು ಸಿಕ್ಕರೆ "ಮೋಡ ಆಗೈತೆ ಕಣವ್ವ" ಎಂದು ದಾಟಿ ಹೋಗುತ್ತಿದ್ದ. ತಿಂಗಳು ಕರಗುತ್ತಿತ್ತು. ಮನೆಮನೆಗೆ ಹೋಗಿ ಕೇಳಿಬಿಡಲೇ ಎಂದು ಇಂಪನಾ ಒಮ್ಮೆ ಚಪ್ಪಲಿ ಮೆಟ್ಟಿಯೂ ಆಗಿತ್ತು.

"ಸುಮ್ಕಿರು. ಅಲ್ಲಾಡಿಸ್ಬೇಡ ಕಣವ್ವ" ಎಂದ ಕರಿಬಸವಯ್ಯ, ಜಗಲಿಯಿಂದ. ಅವಳು ಚಪ್ಪಲಿ ಬಿಟ್ಟಳು.

ತಿಂಗಳ ಕೊನೆಯ ದಿನ ಬೆಳಿಗ್ಗೆ, ಅಟ್ಟಕ್ಕೆಂದು ಸಭೆಗೂ ಮುಂಚೆಯೇ ಗೂಟ ಹೊಡೆದಿದ್ದ ಗುಡಿ ಪಕ್ಕದ ಜಾಗದಿಂದ ಟ್ರ್ಯಾಕ್ಟರ್ ಸದ್ದು ಬಂತು. ಇಂಪನಾ ಓಡಿದಳು. ಮಡ್‌ಗಾರ್ಡಿನ ಮೇಲೆ ಹೊಂಬಾಳಮ್ಮ ಗಟ್ಟಿಯಾಗಿ ಕೂತಿದ್ದಳು. ಟ್ರೈಲರ್ ತುಂಬ ಕರ್ರಗಿನ ಹಲಗೆಗಳು.

"ಮನೆ ಬಿಚ್ತಾ ಅವ್ರೆ. ಹಳೇ ಮರದ ವ್ಯಾಪಾರಿ ಕೇಳ್ದ, ಕೊಡ್ನಿಲ್ಲ. ಅಟ್ಟಕ್ಕೆ ಹಲಗೆ ಬೇಡ್ವೇನೇ? ನನ್ ಕಾಯೆಲ್ಲ ಟಾರ್ಪಾಲ್ ಕೆಳಗವೆ, ಬಿರ್ನೆ ಕಟ್ಸು" ಎಂದಳು.

ಹಿಂದೆಯೇ ದುರ್ಗಯ್ಯನ ಗಾಡಿ ಬಂತು, ಅದರಲ್ಲೂ ಹಲಗೆ. ಆಮೇಲೆ ಟಿವಿಎಸ್ ಮೇಲೆ ಅಡ್ಡಡ್ಡ ಕಟ್ಟಿಕೊಂಡು, ತಲೆಯ ಮೇಲೆ ಹೊತ್ತುಕೊಂಡು ಒಬ್ಬೊಬ್ಬರೇ ಬಂದರು. ಮನೆ ಕೆಡವಿದಾಗ ಒಲೆಗೆ ಹೋಗಿರಬೇಕೆಂದು ಅವಳು ತಿಳಿದಿದ್ದ ಹಲಗೆಗಳು! ಬಚ್ಚಲ ಹಿಂದೆ, ಕೊಟ್ಟಿಗೆಯಲ್ಲಿ, ಪಂಪ್‌ಹೌಸಿನಲ್ಲಿ, ಒಬ್ಬರಿಗೊಬ್ಬರು ಹೇಳದೆ ಇಡೀ ಊರು ತನ್ನ ಅಟ್ಟವನ್ನು ಬಚ್ಚಿಟ್ಟುಕೊಂಡಿತ್ತು.

ಕೊನೆಗೆ ಬಂದವನು ಕರಿಬಸವಯ್ಯ. ಹೆಗಲ ಮೇಲಿನ ಉದ್ದನೆಯ ಹಲಗೆಗೆ ಒಣಹುಲ್ಲು ಅಂಟಿತ್ತು. ಕೊಟ್ಟಿಗೆಯ ಮೆದೆಯ ಅಡಿಯಿಂದ ಎಳೆದು ತಂದದ್ದು. ಅವಳು ಮಾತು ಕಲಿಯಲು ದಿನಾ ಒರಗಿ ನಿಲ್ಲುತ್ತಿದ್ದ ಅದೇ ಮೆದೆ.

"ಸೌದೆ ಮಾಡೋಕೆ ಮನಸು ಬರ್ನಿಲ್ಲ ಕಣವ್ವ" ಎಂದ, ಮಗಳ ಮುಖ ನೋಡದೆ.

ಇಂಪನಾ ಫೋನ್ ತೆಗೆದಳು. "ಹೇಳಿ ಇಂಪನಾ" ಎಂದರು ಸುನಂದಾ. ಹೋಟೆಲಿನಲ್ಲೂ ಗುಡಿಯಲ್ಲೂ ತಡವರಿಸದವಳಿಗೆ ಬಾಯೇ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಫೋನನ್ನು ಹಾಗೇ ಮುಂದಕ್ಕೆ ಹಿಡಿದಳು. ಹಲಗೆಗಳು ಒಂದರ ಮೇಲೊಂದು ಬೀಳುತ್ತಿದ್ದವು, ಗಟ್, ಗಟ್, ಗಟ್.

ಆ ಕಡೆಯಿಂದ ಸುನಂದಾ ಪಿಸುಮಾತಿನಲ್ಲಿ ಹೇಳಿದರು, "ಕೇಳಿಸ್ತು ಕಣ್ರೀ."