ತಡೆಪಟ್ಟಿಗೆ ಕಟ್ಟಿದ ತಂತಿ

ಶಾರ್ಜಾದ ಪಕ್ಕದ ಅಲ್ ಕುಸೈಸಿನ ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟು ಒತ್ತುವ ದೊಡ್ಡ ಇಸ್ತ್ರಿ ಯಂತ್ರದ ಉಸ್ತುವಾರಿ ಸಬೀನಳದು. ಬಿಸಿ ರೋಲರಿನ ಮುಂದೆ ಒಂದು ತಡೆಪಟ್ಟಿ ಇತ್ತು; ಕೈ ತಗುಲಿದರೆ ಯಂತ್ರ ತಾನಾಗಿ ನಿಲ್ಲಬೇಕು. ಆದರೆ ಬಟ್ಟೆಯ ಮಡಿಕೆ ತಾಗಿದರೂ ನಿಲ್ಲುತ್ತಿತ್ತು. ಕೆಲಸ ಹಿಂದೆ ಬೀಳುತ್ತದೆಂದು ಮ್ಯಾನೇಜರ್ ಜಲೀಲ್ ಅದನ್ನು ಅಲುಗದಂತೆ ತಂತಿಯಿಂದ ಬಿಗಿದು ಕಟ್ಟಿಸಿದ. ಸಬೀನ ಎರಡು ಸಲ ಬೇಡವೆಂದಳು.

"ಈದ್ ರಶ್ ಮುಗೀಲಿ, ತೆಗೆಸ್ತೇನೆ. ಖಲಾಸ್," ಎಂದ ಅವನು.

ಮೂರನೆಯ ವಾರ, ಯಂತ್ರಕ್ಕೆ ಬಟ್ಟೆ ಕೊಡುತ್ತಿದ್ದ ಅಂಬುಜಮ್ಮನ ಬಲಗೈ ರೋಲರಿನೊಳಗೆ ಹೋಯಿತು. ಸಬೀನ ಓಡಿ ಬಂದು ಕೆಂಪು ಬಟನ್ ಒತ್ತುವಷ್ಟರಲ್ಲಿ ಅಂಗೈ ಬೆಂದುಹೋಗಿತ್ತು.

ಕಾಪು ಕಡೆಯ ಅಂಬುಜಮ್ಮ ಐದು ವರ್ಷದಿಂದ ಸಬೀನಳ ಕೋಣೆಯವಳು. ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿದವಳು. ಆಸ್ಪತ್ರೆಯಲ್ಲಿ ಅವಳು ಅತ್ತಳು.

"ನೀನಾದ್ರೂ ಸತ್ಯ ಹೇಳು ಮಾರಾಯ್ತಿ. ನಂಗೆ ಬೇರೆ ಯಾರುಂಟು?"

"ಹೇಳ್ತೇನೆ ಅಂಬುಜಕ್ಕ."

ಕಂಪನಿಯ ವಿಚಾರಣೆಯಲ್ಲಿ ಸಬೀನ ಒಂದನ್ನೂ ಬಿಡದೆ ಹೇಳಿದಳು. ಆಮೇಲೆ ಅಂಬುಜಮ್ಮನ ಸರದಿ. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮೇಜನ್ನೇ ನೋಡುತ್ತ ಅವಳೆಂದಳು:

"ತಂತಿ ಕಟ್ಟಿದ್ದು ಸಬೀನ. ಬೇಗ ಮುಗಿಸ್ಲಿಕ್ಕೆ. ಜಲೀಲ್ ಸರ್‌ಗೆ ಗೊತ್ತೇ ಇರ್ಲಿಲ್ಲ."

ಸಬೀನ ಅವಳತ್ತ ತಿರುಗಿದಳು. "ಅಕ್ಕಾ, ಎಂತ ಹೇಳ್ತಾ ಇದ್ದೀರಿ?"



ಸಂಜೆಯೊಳಗೆ ಸಬೀನಳನ್ನು ಕೆಲಸದಿಂದ ತೆಗೆದ ಪತ್ರ ಬಂತು. ಅವಳು ಕೋಣೆಗೆ ಬಂದಾಗ ಅಂಬುಜಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ವೀಸಾ ರಿನ್ಯೂ ಮಾಡಿಸ್ತೇನೆ, ಕೂತು ಮಾಡುವ ಕೆಲಸ ಕೊಡ್ತೇನೆ ಅಂತ ಜಲೀಲ್ ಸರ್ ಹೇಳಿದ್ರು," ಎಂದಳು ತಿರುಗದೆ. "ಈ ಕೈ ನೋಡಿ ಬೇರೆ ಯಾರು ಕೆಲಸ ಕೊಡ್ತಾರೆ? ನಿಂಗೆ ಪ್ರಾಯ ಉಂಟು, ಎಲ್ಲಿಯಾದ್ರೂ ಸಿಗ್ತದೆ."

"ಯಾರು ಕಟ್ಟಿದ್ದು ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲ? ನನ್ನ ಹೆಸರೇ ಯಾಕೆ?"

ಸಬೀನ ಬ್ಯಾಗು ತುಂಬಿಕೊಂಡು ಶಾರ್ಜಾದಲ್ಲಿದ್ದ ತಂಗಿಯ ಮನೆಗೆ ಹೋದಳು.

ಮರುದಿನ ಕಾರ್ಮಿಕ ಇಲಾಖೆಗೆ ದೂರು ಬರೆದಳು. ಜಲೀಲ್ ಮಾಡಿಸಿದ್ದನ್ನು ಬರೆದಳು, ಅಂಬುಜಮ್ಮ ಹೇಳಿದ ಸುಳ್ಳನ್ನೂ ಬರೆದಳು. ಕೊನೆಗೆ, ತಡೆಪಟ್ಟಿ ಕಟ್ಟಿದ್ದು ಗೊತ್ತಿದ್ದೂ ಮೂರು ವಾರ ಆ ಯಂತ್ರ ಓಡಿಸಿದವಳು ತಾನೇ ಎಂದೂ ಸೇರಿಸಿದಳು.

ಅಧಿಕಾರಿಗಳು ಬಂದು ಯಂತ್ರ ನಿಲ್ಲಿಸಿದರಂತೆ. ಆ ವಾರವೇ ಅಂಬುಜಮ್ಮ ಫೋನ್ ಮಾಡಿದಳು.

"ದೂರಿನಿಂದ ನನ್ನ ಹೆಸರು ತೆಗೆಸು ಮಾರಾಯ್ತಿ."

"ಕೈ ಹೇಗುಂಟು?"

"ಬೆರಳು ಮಡಚ್ಲಿಕ್ಕೆ ಆಗುದಿಲ್ಲ."

"ಮದ್ದು ಬಿಡ್ಬೇಡಿ," ಎಂದು ಸಬೀನ ಫೋನ್ ಇಟ್ಟಳು. ಹೆಸರನ್ನು ತೆಗೆಸಲಿಲ್ಲ.